ಸಾಹುಕಾರನ ರಕ್ತಪರೀಕ್ಷೆ

ನಮ್ಮ ವಂಶದಲ್ಲಿ ಮೊಟ್ಟಮೊದಲು ರಕ್ತಪರೀಕ್ಷೆ ಮಾಡಿಸಿಕೊಂಡದ್ದು ನಮ್ಮ ನಾಯಿ. ಅಪ್ಪ ಅಂಥದ್ದೇನೂ ಇಲ್ಲದೆಯೇ ಹುಟ್ಟಿ, ಬೇಸಾಯ ಮಾಡಿ, ತೀರಿಕೊಂಡರು. ಅವ್ವನಿಗೆ ತನ್ನ ರಕ್ತ ಕಾಣುತ್ತಿದ್ದುದು ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಾಗ ಮಾತ್ರ. ನಾನಾದರೋ ವಿಜ್ಞಾನದಲ್ಲಿ ಪದವಿ ಪಡೆದು, ಯಶವಂತಪುರದ ಒಂದು ಹೈಸ್ಕೂಲಿನಲ್ಲಿ ಕೆಂಪು ಕಣ, ಬಿಳಿ ಕಣ ಎಂದು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದವನು. ಆದರೆ ನನ್ನ ಕಣಗಳನ್ನು ಎಣಿಸಲು ಯಾರಿಗೂ ಕೊಟ್ಟಿರಲಿಲ್ಲ.

ಇದು ಚೀನಾ ಯುದ್ಧಕ್ಕೆ ಮುಂಚಿನ ಬೇಸಿಗೆಯಲ್ಲಿ ನಡೆದದ್ದು ಎಂದು ನಾನು ಹೇಳುತ್ತೇನೆ. ಯುದ್ಧ ಮುಗಿದ ಮೇಲಿನ ಬೇಸಿಗೆ ಎಂದು ನನ್ನ ಹೆಂಡತಿ ಸರೋಜ ಹೇಳುತ್ತಾಳೆ. ಪುರಾವೆಯಿಲ್ಲದೆ ಯಾರ ಮಾತನ್ನೂ ನಂಬಬಾರದೆಂದು ಕಾಲೇಜು ನನಗೆ ಕಲಿಸಿತು. ನನ್ನ ಮಾತನ್ನೂ ನಂಬಬಾರದೆಂದು ಸರೋಜ ಕಲಿಸಿದಳು. ಹಾಗಾಗಿ ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಿದ್ದೇನೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದ್ದನ್ನು ಹೊಡೆದುಹಾಕಿದ್ದೇನೆ. ಅವಳು ನಕ್ಕದ್ದನ್ನು ಮಾತ್ರ ಅನುಮಾನದಿಂದಲೇ ಉಳಿಸಿಕೊಂಡಿದ್ದೇನೆ. ಮನೆಯ ಮೂಕಪ್ರಾಣಿ ಹಾಸಿಗೆ ಹಿಡಿದಾಗ, ಅರ್ಥವಾಗದ ಅಂಕಿಗಳ ಚೀಟಿಯೊಂದನ್ನು ಕೈಯಲ್ಲಿ ಹಿಡಿದು ಕಂಗಾಲಾಗಿ ಕೂತವರು ಇನ್ನೂ ಎಲ್ಲೋ ಇರಬಹುದು. ನಮಗಿಂತ ದಡ್ಡರಾಗಿ ಯಾರೂ ನಡೆದುಕೊಂಡಿರಲಾರರು ಎಂಬುದು ಅವರಿಗೆ ಸಮಾಧಾನ ಕೊಟ್ಟರೆ ಸಾಕು.

ಸಾಹುಕಾರ ಕಂದುಬಣ್ಣದ ಬೀದಿನಾಯಿ. ಯಲಹಂಕದ ಹಳೇ ಊರಿನ ನಮ್ಮ ಮನೆಯ ಜಗಲಿಯ ಮೇಲೆ, ಬಾಕಿ ವಸೂಲಿಗೆ ಬಂದವನ ಹಾಗೆ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದುದರಿಂದ ಆ ಹೆಸರು. ಅವನಿಗೊಂದು ಉದ್ಯೋಗವೂ ಇತ್ತು. ಜಕ್ಕೂರಿನಲ್ಲಿ ಹಾರಾಟ ಕಲಿಯುವವರ ಪುಟ್ಟ ವಿಮಾನಗಳು ನಮ್ಮ ಮನೆಯ ಮೇಲೆ ಗಿರಕಿ ಹೊಡೆಯುತ್ತಿದ್ದವು. ಸದ್ದು ಕೇಳಿದ್ದೇ ತಡ, ಸಾಹುಕಾರ ಹಿತ್ತಿಲು ದಾಟಿ ಹೊಲದ ಬದುವಿನವರೆಗೂ ಬೊಗಳುತ್ತಾ ಓಡಿ, ವಿಮಾನವನ್ನು ಓಡಿಸಿ ಬರುತ್ತಿದ್ದ. ಅವನು ಬೊಗಳಿದ ಒಂದು ವಿಮಾನವೂ ನಮ್ಮ ಹಿತ್ತಿಲಲ್ಲಿ ಇಳಿದದ್ದಿಲ್ಲವಾದ್ದರಿಂದ ತನ್ನ ಕೆಲಸದ ಬಗ್ಗೆ ಅವನಿಗೆ ಸಂದೇಹವೇ ಇರಲಿಲ್ಲ. ಮನೆಯಲ್ಲಿ ಸಂದೇಹವೆಲ್ಲ ನನ್ನ ಪಾಲಿಗೆ ಬಂದಿತ್ತು.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ವಿಮಾನ ಬಂತು, ಸೂರಿನ ಹೆಂಚು ನಡುಗುವಷ್ಟು ಕೆಳಗೆ ಬಂತು. ಸಾಹುಕಾರ ಏಳಲಿಲ್ಲ. ಒಂದು ಕಿವಿಯನ್ನು ಮಾತ್ರ ಅತ್ತ ತಿರುಗಿಸಿ, ರಜೆಯ ಮೇಲಿರುವ ಗುಮಾಸ್ತನಂತೆ ಮತ್ತೆ ಕಣ್ಣು ಮುಚ್ಚಿದ. ಏದುಸಿರು ಬಿಡುತ್ತಿದ್ದ. ಸರೋಜ ಅವನ ತುಟಿ ಎತ್ತಿ ನೋಡಿದಳು.

“ರೀ, ಬನ್ನಿ ಇಲ್ಲಿ. ಒಸಡು ನೋಡಿ, ಸುಣ್ಣ ಬಳಿದ ಗೋಡೆ ಥರ ಆಗಿದೆ.”

ಅವ್ವ ಹಿತ್ತಿಲಿನಿಂದ ಇನ್ನೊಂದು ಸುದ್ದಿ ತಂದಳು. ಅವನ ಉಚ್ಚೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು.

“ಉಷ್ಣ ಕಣೋ ಇದು,” ಎಂದಳು ಅವ್ವ. “ಆ ಏದುಸ್ರು ನೋಡು, ಕುಲುಮೆ ತಿದಿ ಊದ್ದಂಗೆ. ಮಜ್ಜಿಗೆ ಅಂಬ್ಲಿಗೆ ಈರುಳ್ಳಿ ಎಚ್ಚಾಕಿ ಕುಡ್ಸಿದ್ರೆ ತಂಪಾಯ್ತದೆ.”

“ಅವ್ವ, ಉಷ್ಣ ಅನ್ನೋ ಕಾಯಿಲೆ ಯಾವ ಪುಸ್ತಕದಲ್ಲೂ ಇಲ್ಲ.”

“ನಿನ್ ಪುಸ್ತಕಕ್ಕೆ ಉಷ್ಣ ಆಗಿಲ್ಲ. ಅದ್ಕೇ ಇಲ್ಲ.”

ನಾನು ಪಡಸಾಲೆಯಲ್ಲಿ ನಿಂತು ತರಗತಿಯ ದನಿಯಲ್ಲಿ ಘೋಷಿಸಿದೆ: ಈ ಮನೆಯಲ್ಲಿ ಇನ್ನು ನಾಟಿ ಔಷಧಿ ಕೂಡದು, ಡಾಕ್ಟರು ಹೇಳುವವರೆಗೆ ನಾಯಿಗೆ ಯಾರೂ ಏನೂ ಮದ್ದು ಮಾಡಬಾರದು. ಅವ್ವ ಎದುರಾಡದೆ, “ಆಯ್ತು ಬುಡಪ್ಪ,” ಎಂದಳು. ಸರೋಜಳೂ ಹೂಂಗುಟ್ಟಿದಳು. ಜೀವಮಾನವಿಡೀ ಎಲ್ಲವನ್ನೂ ಅನುಮಾನಿಸಿದ ನಾನು ಅಷ್ಟು ಸುಲಭವಾಗಿ ಸಿಕ್ಕ ಒಪ್ಪಿಗೆಯನ್ನು ಮಾತ್ರ ಅನುಮಾನಿಸಲಿಲ್ಲ.

ಹೆಬ್ಬಾಳದಲ್ಲಿ ದನದ ಆಸ್ಪತ್ರೆ ಇತ್ತು. ಬಸ್ಸಿನವರು ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ಉಳಿದದ್ದು ನಮ್ಮ ಸೋದರಮಾವ ಮುನಿಶಾಮಪ್ಪನ ಎತ್ತಿನ ಗಾಡಿ. ಮಾವ ಬಾಗಲೂರಿನವನು. ಅಲ್ಲಿ ಬೆಳೆದ ಸಣ್ಣ ಕೆಂಪು ಈರುಳ್ಳಿಯನ್ನು ಮೂಟೆ ಕಟ್ಟಿ ಪೇಟೆಗೆ ಹೊಡೆದುಕೊಂಡು ಹೋಗುವಾಗ ದಾರಿಯಲ್ಲಿ ನಮ್ಮ ಮನೆಗೆ ಬಂದು, ಅಕ್ಕನಿಗೆಂದು ಒಂದು ಕುಕ್ಕೆ ಸುರಿದು ಹೋಗುತ್ತಿದ್ದ. ಆ ವರ್ಷ ಬೆಳೆ ಚೆನ್ನಾಗಿತ್ತು. ನಮ್ಮ ಅಟ್ಟದಲ್ಲಿ ಈರುಳ್ಳಿ, ಮಂಚದ ಕೆಳಗೆ ಈರುಳ್ಳಿ, ನನ್ನ ಪುಸ್ತಕದ ಗೂಡಿನ ಪಕ್ಕದಲ್ಲೂ ಈರುಳ್ಳಿ.

“ನಾಯಿಗೆ ಆಸ್ಪತ್ರೆನಾ ಅಳಿಮಯ್ಯ?” ಎಂದ ಮಾವ, ಮೂಟೆಗಳ ಮೇಲೆ ಗೋಣಿ ಹಾಸಿ ಸಾಹುಕಾರನನ್ನು ಮಲಗಿಸುತ್ತಾ. “ಬಾಗಲೂರ್ನಾಗೆ ಯಾರ್ಗೂ ಏಳ್ಬ್ಯಾಡ. ನಮ್ಮಟ್ಟಿಗೆ ಎಣ್ಣು ಕೊಡೋರು ಯೋಚ್ನೆ ಮಾಡ್ತಾರೆ.”

ಆಸ್ಪತ್ರೆಯ ಮುಂದೆ ಹೊಂಗೆ ಮರದ ನೆರಳಲ್ಲಿ ಎಮ್ಮೆ, ಹೋರಿ, ಆಡು ಎಲ್ಲ ತಮ್ಮ ತಮ್ಮ ಮನುಷ್ಯರನ್ನು ಕರೆದುಕೊಂಡು ಬಂದಿದ್ದವು. ಕಾಯುವ ಜಾಗದಲ್ಲಿ ಪ್ರಾಣಿಗಳಿಗಿಂತ ಮನುಷ್ಯರೇ ಹೆಚ್ಚು ಬಳಲಿದ್ದರು. ಎಮ್ಮೆಯ ಹಗ್ಗ ಹಿಡಿದಿದ್ದ ಮುದುಕನೊಬ್ಬ ನಮ್ಮನ್ನು ಬಹಳ ಹೊತ್ತು ನೋಡಿ ಕೇಳಿದ.

“ಆಲು ಕೊಡ್ತದಾ?”

“ಇಲ್ಲ.”

“ಗಾಡಿ ಎಳೀತದಾ?”

“ಇಲ್ಲ.”

“ಮತ್ತೆ ಯಾಕೆ ಸೋಮಿ ಕರ್ಕಬಂದ್ರಿ?”

ವಿಮಾನ ಓಡಿಸುತ್ತದೆ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಕಾಂಪೌಂಡರು ಬಾಗಿಲಿಗೆ ಬಂದು, “ಸಾಹುಕಾರ್ ಯಾರ್ರೀ? ಸಾಹುಕಾರ್!” ಎಂದು ಕೂಗಿದ. ಜೋಡಿ ಹೋರಿಗಳ ಜೊತೆ ನಿಂತಿದ್ದ ಜರಿಪೇಟದ ಯಜಮಾನರೊಬ್ಬರು ಗಂಭೀರವಾಗಿ ಮುಂದೆ ಬಂದು, “ನಾನೇ. ಏನಾಗ್ಬೇಕು?” ಎಂದರು. ಅವರ ಹಿಂದೆ ನಾಯಿಯನ್ನು ಎತ್ತಿಕೊಂಡು ನಾನು ನಿಂತದ್ದನ್ನು ಕಂಡ ಮೇಲೆ ಅವರು ಮಧ್ಯಾಹ್ನದವರೆಗೂ ನಮ್ಮ ಕಡೆ ತಿರುಗಲಿಲ್ಲ.

ಡಾಕ್ಟರು ತೆಳ್ಳಗಿನ ತರುಣ. ತೋಳು ಮಡಿಸಿದ ಅಂಗಿ, ನಿದ್ದೆ ಕಾಣದ ಕಣ್ಣು. ಸಾಹುಕಾರನ ಮುಂಗಾಲಿನಿಂದ ರಕ್ತ ತೆಗೆದು, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಎರಡು ದಿನ ಬಿಟ್ಟು ಬರಲು ಹೇಳಿದರು. ಆ ಹನಿ ಕೆಂಪಗಿರಲಿಲ್ಲ. ನೀರು ಹೆಚ್ಚಾದ ಟೊಮ್ಯಾಟೊ ಸಾರಿನಂತಿತ್ತು. ಸಾಹುಕಾರ ಬೊಗಳಲೂ ಇಲ್ಲ, ಕಚ್ಚಲೂ ಇಲ್ಲ. ಕಚ್ಚಿದ್ದರೆ ನನಗೆ ಧೈರ್ಯ ಬರುತ್ತಿತ್ತು.

ವರದಿಯ ದಿನ ನಾನೊಬ್ಬನೇ ಸೈಕಲ್ಲಿನಲ್ಲಿ ಹೋದೆ. ಡಾಕ್ಟರು ಹಿಂದಿನ ಕೊಟ್ಟಿಗೆಯಲ್ಲಿದ್ದರು. ಎಮ್ಮೆಯೊಂದಕ್ಕೆ ಕರು ಅಡ್ಡಲಾಗಿ ಸಿಕ್ಕಿಕೊಂಡಿತ್ತಂತೆ. ಕಾಂಪೌಂಡರು ಚೀಟಿ ಕೊಟ್ಟು, “ಡಾಕ್ಟ್ರು ಬಂದು ಅರ್ಥ ಹೇಳ್ತಾರೆ, ಕೂತಿರಿ ಸಾರ್,” ಎಂದ.

ಕೂರುವುದು ನನ್ನಿಂದ ಆಗದ ಕೆಲಸ. ಸ್ವಲ್ಪ ಹೊತ್ತು ನಿಂತೆ. ಮರ ಸುತ್ತಿದೆ. ಒಳಗಿನಿಂದ ಎಮ್ಮೆ ನರಳುವುದು ಕೇಳುತ್ತಿತ್ತು. “ಪರವಾಗಿಲ್ಲ, ನಾನೂ ಓದ್ಕೊಂಡಿರೋನೇ,” ಎಂದು ಹೇಳಿ ಸೈಕಲ್ ಹತ್ತಿದೆ. ಕಾಂಪೌಂಡರು ಹಿಂದಿನಿಂದ, “ಹಾಗಾದ್ರೆ ನಾಳೆ ನಾಯಿ ಕರ್ಕೊಂಡೇ ಬನ್ನಿ!” ಎಂದು ಕೂಗಿದ.

ಮನೆಯಲ್ಲಿ ನನ್ನ ಕಾಲೇಜಿನ ಶರೀರಶಾಸ್ತ್ರದ ಪುಸ್ತಕ ತೆಗೆದು, ಅದರಲ್ಲಿನ ಕೋಷ್ಟಕದ ಪಕ್ಕದಲ್ಲಿ ವರದಿಯನ್ನಿಟ್ಟು, ಸ್ಕೇಲು ಹಿಡಿದು ಸಾಲು ಸಾಲಾಗಿ ಹೋಲಿಸಿದೆ. ಬಿಳಿ ಕಣ, ಇರಬೇಕಾದದ್ದಕ್ಕಿಂತ ಹೆಚ್ಚು. ಕೆಂಪು ಕಣ, ಕಡಿಮೆ. ಹಿಮೋಗ್ಲೋಬಿನ್, ಬಹಳ ಕಡಿಮೆ. ಬಿಳಿ ಏರಿದೆ, ಕೆಂಪು ಇಳಿದಿದೆ. ಪುಸ್ತಕದ ಕೊನೆಯ ಅಧ್ಯಾಯ ತಿರುಗಿಸಿದೆ. ಅಲ್ಲಿದ್ದ ಹೆಸರನ್ನು ಎರಡು ಸಲ ಓದಿ ಪುಸ್ತಕ ಮುಚ್ಚಿದೆ.

“ರಕ್ತದ ಕ್ಯಾನ್ಸರ್,” ಎಂದೆ, ಹೊರಗೆ ಬಂದು.

ಸರೋಜ ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವ, “ಡಾಕ್ಟ್ರೇ ಯೋಳುದ್ರಾ?” ಎಂದಳು.

“ಪುಸ್ತಕದಲ್ಲಿದೆ.”

ನನ್ನ ಪುಸ್ತಕದಲ್ಲಿ ಏನೇ ಇದ್ದರೂ ಜಗಳಕ್ಕೆ ಬರುವ ಅವ್ವ ಅಂದು ಮಾತ್ರ ಒಪ್ಪಿಬಿಟ್ಟಳು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಗ್ಗರಣೆಯ ಸದ್ದು, ಆಮೇಲೆ ಘಮ. ಸಾಯುವ ಜೀವಕ್ಕೆ ಪಥ್ಯ ಎಂಥದ್ದು ಎಂದು, ಸಾಹುಕಾರನಿಗೆ ಪ್ರಾಣವಾಗಿದ್ದ ಈರುಳ್ಳಿ ಗೊಜ್ಜು ಮಾಡಿ, ಬಿಸಿ ಮುದ್ದೆಗೆ ಕಲೆಸಿ ಅವನ ತಟ್ಟೆಗೆ ಹಾಕಿದಳು. ಎದ್ದು ನಿಲ್ಲಲಾರದವನು ಮಲಗಿದಲ್ಲಿಂದಲೇ ಬಾಲ ಬಡಿದು ನೆಕ್ಕಿದ. ನಾವು ಮೂವರೂ ಸುತ್ತ ಕೂತು, ಮದುವೆಯೂಟದ ಯಜಮಾನರಂತೆ, ಇನ್ನೊಂಚೂರು ತಿನ್ನಪ್ಪ ಎಂದು ಉಪಚಾರ ಮಾಡಿದೆವು. ಕೊನೆಯ ತುತ್ತನ್ನು ಕೈಯಾರೆ ತಿನ್ನಿಸಿದ್ದು ನಾನು ಎಂದು ಸರೋಜ ಹೇಳುತ್ತಾಳೆ. ನನಗೆ ನೆನಪಿಲ್ಲ. ಅವಳು ಹೇಳುವಾಗ ನಗುವುದಿಲ್ಲ, ಆದ್ದರಿಂದ ಇದ್ದರೂ ಇರಬಹುದು.

ಮಾರನೆಯ ದಿನ ಎಲ್ಲರೂ ಗಾಡಿ ಹತ್ತಿದೆವು. ಮಾವ ಎತ್ತುಗಳನ್ನು ಗದರಲಿಲ್ಲ. ಹೆಬ್ಬಾಳದ ಕೆರೆ ಏರಿಯ ಮೇಲೆ ಗಾಳಿ ಬಂದಾಗ ಸಾಹುಕಾರ ಮೂಗು ಎತ್ತಿದ; ಅವ್ವ ಮುಖ ಆ ಕಡೆ ತಿರುಗಿಸಿಕೊಂಡಳು.

ಡಾಕ್ಟರು ನಮ್ಮ ಮುಖಗಳನ್ನು ನೋಡಿ, “ಏನಾಯ್ತು? ನಾಯಿ ಬದುಕಿದೆಯಲ್ಲ?” ಎಂದರು.

“ಕ್ಯಾನ್ಸರ್ ಅಂತ ಗೊತ್ತಾಯ್ತು ಸಾರ್,” ಎಂದೆ.

“ಯಾರು ಹೇಳಿದ್ದು?”

ಪುಸ್ತಕದ ಹೆಸರು ಹೇಳಿದೆ.

“ಅದು ಯಾರ ರಕ್ತದ ಪುಸ್ತಕ ಮೇಷ್ಟ್ರೇ?”

ಪ್ರಶ್ನೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದ ಮೇಲೆ ಉತ್ತರ ಹೇಳಲು ಇನ್ನೂ ಹೆಚ್ಚು ಹಿಡಿಯಿತು. “ಮನುಷ್ಯರದ್ದು.”

“ನಾಯಿಗೆ ಬಿಳಿ ಕಣ ನಮಗಿಂತ ಜಾಸ್ತಿ ಇರೋದೇ ಸಹಜ. ನಿಮ್ಮ ಕೋಷ್ಟಕ ಹಿಡಿದು ಹೊರಟ್ರೆ ಯಲಹಂಕದ ಬೀದೀಲಿ ಆರೋಗ್ಯವಂತ ನಾಯಿ ಸಿಗೋದೇ ಕಷ್ಟ.” ಅವರು ಬೆರಳನ್ನು ಕೆಳಗಿನ ಸಾಲಿಗೆ ತಂದರು. “ಹೆದರಬೇಕಾದ್ದು ಇದಕ್ಕೆ. ಕೆಂಪು ಕಣ ನಿಜವಾಗ್ಲೂ ತೀರ ಕಡಿಮೆಯಾಗಿದೆ. ನೀವು ತಪ್ಪು ಅಂಕಿಗೆ ಅತ್ತಿದ್ದೀರಿ.”

ಅವ್ವ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲು ಬರುವುದಿಲ್ಲ.

ರಕ್ತ ಹೊರಗೆ ಸೋರಿಹೋಗಿಲ್ಲ, ಒಳಗೇ ಒಡೆಯುತ್ತಿದೆ, ಉಚ್ಚೆಗೆ ಆ ಬಣ್ಣ ಬಂದದ್ದು ಅದಕ್ಕೇ ಎಂದರು ಡಾಕ್ಟರು. ಮೈಗೆ ಅಂಟಿ ರಕ್ತ ಹೀರುವ ಉಣ್ಣೆಯಿಂದ ಬರುವ ಜ್ವರವೇನೋ ಎಂದು ಹುಡುಕಿದರಂತೆ, ಅದರ ಕ್ರಿಮಿ ಕಂಡಿಲ್ಲ. ಕಂಡದ್ದು ಬೇರೆ: ಎಷ್ಟೋ ಕೆಂಪು ಕಣಗಳ ಅಂಚಿನಲ್ಲಿ, ಹೋಳಿಗೆಯ ಅಂಚಿಗೆ ಹೂರಣ ಉಬ್ಬಿದಂತೆ, ಒಂದೊಂದು ಚುಕ್ಕೆ. “ಏನನ್ನೋ ತಿಂದು ಹೀಗಾಗಿದೆ. ಬಟ್ಟೆ ಪೆಟ್ಟಿಗೆಗೆ ಹಾಕೋ ನುಸಿಗುಳಿಗೆ ಏನಾದ್ರೂ ತಿಂತಾ?”

“ನುಸಿ ಬರೋವಂಥ ಬಟ್ಟೆ ನಮ್ಮನೇಲಿ ಎಲ್ಲೈತೆ ಸೋಮಿ,” ಎಂದಳು ಅವ್ವ.

ಡಾಕ್ಟರು ಬಗ್ಗಿ, ಒಸಡು ನೋಡಲೆಂದು ಸಾಹುಕಾರನ ಬಾಯಿ ಬಿಡಿಸಿದರು. ಬಿಡಿಸಿದವರು ಹಾಗೇ ನಿಂತರು. ಇನ್ನೊಮ್ಮೆ ಮೂಗು ಹತ್ತಿರ ತಂದರು. ನೆಟ್ಟಗಾಗಿ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು.

“ಈರುಳ್ಳಿ ಕೊಟ್ಟಿದ್ದು ಯಾರು?”

“ನಿನ್ನೆ ಒಂದು ಸಲ ಗೊಜ್ಜು…” ಎಂದೆ ನಾನು, ಧೈರ್ಯವಾಗಿ.

“ಒಂದು ಸಲಕ್ಕೆ ರಕ್ತ ಈ ಗತಿಗೆ ಬರಲ್ಲ.”

ಹೊರಗೆ ಯಾವುದೋ ಹೋರಿ ಬುಸುಗುಟ್ಟಿತು. ಆಮೇಲೆ ಅವ್ವ ಸೆರಗಿನ ತುದಿ ತಿರುಚುತ್ತಾ ಹೇಳಿದಳು: “ಒಂಚೂರು. ಬೆಳಿಗ್ಗೆ ಒತ್ತು ಅಂಬ್ಲಿನಾಗೆ. ಬಿಸ್ಲು ಸುರುವಾದಾಗ್ನಿಂದ. ತಂಪಿಗೆ ಅಂತ.”

ಸರೋಜ ತಲೆ ತಗ್ಗಿಸಿದಳು. “ನಾನೂ ಮಧ್ಯಾಹ್ನ ಕೊಡ್ತಿದ್ದೆ ಅತ್ತೆ. ಇವರು ಬೇಡ ಅಂದ್ರಲ್ಲ, ನೀವು ನಿಲ್ಲಿಸಿದ್ದೀರ ಅನ್ಕೊಂಡೆ. ಪಾಪ, ಹಾಗೆ ಏದುಸಿರು ಬಿಡ್ತಿದ್ನಲ್ಲ.”

“ನೀನೂನಾ?” ಎಂದಳು ಅವ್ವ, ನಂಬಲಾರದೆ.

ಬಾಗಿಲ ಬಳಿ ನಿಂತಿದ್ದ ಮಾವ ಮೆಲ್ಲಗೆ ಕೆಮ್ಮಿದ. “ಅವತ್ತು ದಾರಿನಾಗೆ ಬಿಸ್ಲು ಜೋರಿತ್ತಲ್ಲಕ್ಕ. ಯಾರೂ ನೋಡ್ದಂಗೆ ಮೂಟೆಯಿಂದ ಎರಡು ಗೆಡ್ಡೆ ಜಜ್ಜಿ ನಾನೂ ತಿನ್ಸಿದ್ನಿ. ಇವತ್ತೂ.”

ನನ್ನ ಘೋಷಣೆಯ ಫಲ ಹೀಗಿತ್ತು. ನಾಟಿ ಔಷಧಿ ನಿಂತಿರಲಿಲ್ಲ, ಗುಟ್ಟಾಗಿತ್ತು ಅಷ್ಟೆ. ಗುಟ್ಟಾದ್ದರಿಂದ ಪ್ರತಿಯೊಬ್ಬರೂ ನಾಯಿಗೆ ಸಿಗುತ್ತಿರುವುದು ತಾವು ಕೊಟ್ಟ ಒಂದೇ ಪಾಲು ಎಂದುಕೊಂಡಿದ್ದರು. ಈರುಳ್ಳಿ ತಿಂದು ರಕ್ತ ಕಡಿಮೆಯಾಗುತ್ತಿತ್ತು. ರಕ್ತ ಕಡಿಮೆಯಾದ್ದಕ್ಕೆ ಏದುಸಿರು. ಏದುಸಿರು ಕಂಡು ಉಷ್ಣವೆಂದು ಮತ್ತೆ ಈರುಳ್ಳಿ. ಕರಿಹಲಗೆಯ ಮೇಲೆ ಬರೆದರೆ ಬಹಳ ಸುಂದರವಾದ ವೃತ್ತ.

“ಇಡೀ ಮನೆ ಸೇರಿ ತಂಪು ಮಾಡಿದ್ದೀರಿ,” ಎಂದರು ಡಾಕ್ಟರು. “ಇನ್ನೊಂದು ನಾಲ್ಕು ದಿನ ಮಾಡಿದ್ರೆ ಪೂರ್ತಿ ತಣ್ಣಗಾಗಿರೋದು.”

“ನನ್ ಮಕ್ಳಿಗೆಲ್ಲ ಇದ್ನೇ ಕೊಟ್ಟು ಸಾಕಿವ್ನಿ,” ಎಂದಳು ಅವ್ವ. “ಯಾರ್ಗೂ ಏನೂ ಆಗಿಲ್ಲ ಸೋಮಿ.”

ಡಾಕ್ಟರ ದನಿ ಮೆತ್ತಗಾಯಿತು. “ಮನುಷ್ಯರಿಗೆ ಆಗಲ್ಲಮ್ಮ. ನಾಯಿ ರಕ್ತ ಅದನ್ನ ತಡ್ಕೊಳ್ಳಲ್ಲ. ನಿಮ್ಮ ಮಗ ಮನುಷ್ಯರ ಪುಸ್ತಕ ನೋಡಿದ್ರು. ನೀವು ಮನುಷ್ಯರ ಮದ್ದು ಕೊಟ್ರಿ. ತಾಯಿ ಮಗ ಇಬ್ರದ್ದೂ ಒಂದೇ ಶಾಲೆ.”

ಈ ಕೊನೆಯ ಮಾತು ಅವರು ಆಡಿದ್ದೋ, ಗಾಡಿಯಲ್ಲಿ ವಾಪಸು ಬರುವಾಗ ನನ್ನ ತಲೆಯಲ್ಲಿ ಹುಟ್ಟಿದ್ದೋ ಎಂಬ ಅನುಮಾನ ನನಗಿದೆ. ಸರೋಜ ಮಾತ್ರ ಅವರೇ ಅಂದದ್ದು ಎನ್ನುತ್ತಾಳೆ, ಬಹಳ ಸಂತೋಷದಿಂದ.

“ಬದುಕ್ತಾನಾ?” ಎಂದು ಕೇಳಿದ್ದು ಅವ್ವ. ನನಗೆ ಕೇಳುವ ಧೈರ್ಯವಿರಲಿಲ್ಲ.

“ಖಾತ್ರಿ ಕೊಡಲ್ಲ. ಆದ್ರೆ ಎಳೇ ಕಣಗಳೂ ಕಾಣಿಸಿವೆ. ಅಂದ್ರೆ ಮೂಳೆ ಒಳಗೆ ಹೊಸ ರಕ್ತ ಹುಟ್ತಾ ಇದೆ. ಒಡೆಯೋದು ನಿಂತು, ಹುಟ್ಟೋದು ಮುಂದೆ ಹೋದ್ರೆ ಬದುಕ್ತಾನೆ. ದಿನಾ ಒಸಡಿನ ಬಣ್ಣ ನೋಡ್ತಾ ಇರಿ.” ಸೂಜಿ ಚುಚ್ಚಿದರು, ಕಬ್ಬಿಣಾಂಶದ ಟಾನಿಕ್ಕು ಬರೆದುಕೊಟ್ಟರು, ಮೇಕೆಯ ಕಲೀಜ ಬೇಯಿಸಿ ಹಾಕಲು ಹೇಳಿದರು.

ಹೊರಗೆ ಬಂದ ಮೇಲೆ ಮಾವ ಗಾಡಿಯನ್ನು ಪೇಟೆಯ ಕಡೆ ತಿರುಗಿಸಲಿಲ್ಲ. ಮೂಟೆಗಳನ್ನೆಲ್ಲ ಹಿಂದಕ್ಕೆ ಸರಿಸಿ, ಅವುಗಳಿಂದ ದೂರ, ತನ್ನ ಕಾಲ ಬಳಿ ನಾಯಿಗೆ ಜಾಗ ಮಾಡಿದ. “ನಾಳೆ ಮಾರುದ್ರೂ ಈರುಳ್ಳಿ ಈರುಳ್ಳಿನೇ,” ಎಂದು ಎತ್ತುಗಳನ್ನು ಯಲಹಂಕದ ಕಡೆಗೆ ಹೊಡೆದ.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಸಡೇ ಪಂಚಾಂಗ. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲು ಸಾಹುಕಾರನ ತುಟಿ ಎತ್ತಿ ನೋಡುತ್ತಿದ್ದರು. ಬಣ್ಣಕ್ಕೆ ಹೆಸರು ಕೊಟ್ಟವಳು ಅವ್ವ. ಬಿಳಿ ಸೀಬೆಹಣ್ಣಿನ ತಿರುಳಿನಂತಿದ್ದರೆ ಕೆಟ್ಟದ್ದು, ಕೆಂಪು ಸೀಬೆಯಂತಾದರೆ ಒಳ್ಳೆಯದು. ದಿನವೂ ವಾದ. “ಇವತ್ತು ಒಂದೆಳೆ ಕೆಂಪಾಗಿದೆ,” ಎಂದು ಸರೋಜ. “ಕಿಟಕಿ ಬೆಳಕಿಗೆ ಹಾಗೆ ಕಾಣುತ್ತೆ,” ಎಂದು ನಾನು. “ನೀನು ನಂಬೋವರ್ಗೂ ಅವ್ನು ಉಸಾರಾಗಾಕಿಲ್ಲ ಕಣೋ,” ಎಂದು ಅವ್ವ. ಶಾಲೆಯಲ್ಲಿ ಪಾಠ ಮಾಡುತ್ತಾ ನಿಂತವನಿಗೆ, ಮನೆಗೆ ಹೋದಾಗ ಜಗಲಿ ಖಾಲಿಯಿದ್ದರೆ ಎಂಬ ಯೋಚನೆ ಬಂದು ಸುಣ್ಣದಕಡ್ಡಿ ಕೈಯಲ್ಲೇ ಪುಡಿಯಾಗುತ್ತಿತ್ತು. ಅವ್ವ ಕಲೀಜವನ್ನು ತಾನೇ ಚಿಕ್ಕ ಚಿಕ್ಕ ತುಂಡು ಮಾಡಿ ತಿನ್ನಿಸುತ್ತಿದ್ದಳು. ತಿನ್ನಿಸಿ ಅಲ್ಲೇ ಕೂತಿರುತ್ತಿದ್ದಳು. ಒಮ್ಮೆ ನಾನು ಹಿಂದಿನಿಂದ ಬಂದಾಗ ಅವಳು ಅವನ ಕಿವಿಯ ಬಳಿ, “ನಂಗೊತ್ತಿರ್ನಿಲ್ಲ ಕಣಪ್ಪ,” ಎನ್ನುತ್ತಿದ್ದಳು. ನಾನು ಬಂದ ಕಾಲಲ್ಲೇ ಹಿಂತಿರುಗಿದೆ.

ಒಂದು ಭಾನುವಾರ ಅವ್ವ ರಾಗಿ ಒಣಗಿಸುತ್ತಿದ್ದಾಗ ವಿಮಾನ ಬಂತು. ಜಗಲಿಯ ಮೇಲೆ ಸಾಹುಕಾರ ಮುಂಗಾಲೂರಿ ಎದ್ದ, ತೂರಾಡಿದ, ಗೋಡೆಗೆ ಒರಗಿ ನಿಂತು ಒಮ್ಮೆ ಬೊಗಳಿದ. ಬೊಗಳಿದ ಎನ್ನುವುದಕ್ಕಿಂತ ಸೀನಿದ ಎನ್ನಬಹುದಾದ ಸದ್ದು. ವಿಮಾನ ಜಕ್ಕೂರಿನ ಕಡೆಗೆ ತಿರುಗಿ ಹೊರಟುಹೋಯಿತು.

“ಓಡ್ಸ್‌ಬುಟ್ಟ!” ಎಂದು ಅವ್ವ ಕೂಗಿದಳು. ರಾಗಿಯೆಲ್ಲ ಅಂಗಳದಲ್ಲಿ ಚೆಲ್ಲಿತು. ನಾನು ತುಟಿ ಎತ್ತಿ ನೋಡಿದೆ. ಕಿಟಕಿಯ ಬೆಳಕು ಅಲ್ಲಿರಲಿಲ್ಲ; ಇದ್ದದ್ದು ಬರೀ ಬಿಸಿಲು. ಕೆಂಪಾಗಿತ್ತು.

ಎರಡನೆಯ ರಕ್ತಪರೀಕ್ಷೆಯ ವರದಿಗೆ ಹೋದಾಗ ಡಾಕ್ಟರು ಬರುವವರೆಗೂ ಹೊಂಗೆ ಮರದ ಕೆಳಗೆ ಕೂತಿದ್ದೆ. ಚೀಟಿ ಜೇಬಿನಲ್ಲೇ ಇತ್ತು. ಅವರು ಅದನ್ನು ಓದಿ, ನಗದೆ, “ಸಾಹುಕಾರರು ಚೇತರಿಸಿಕೊಂಡಿದ್ದಾರೆ,” ಎಂದರು.

ಆದರೆ ಮನೆ ಮೊದಲಿನಂತಾಗಲಿಲ್ಲ. ಯಾರ ಕೈಯಿಂದ ಯಾವಾಗ ತುಂಡು ಬೀಳುವುದೋ ಎಂಬ ಭಯಕ್ಕೆ ಅವ್ವ ಅಡಿಗೆಮನೆಯಿಂದ ಈರುಳ್ಳಿಯನ್ನೇ ಹೊರಗಟ್ಟಿದಳು. ಮಾವ ಕುಕ್ಕೆ ತರುವುದನ್ನು ಬಿಟ್ಟ. ನಮ್ಮ ಹುಳಿ ಸಪ್ಪೆಯಾಯಿತು. ನೆಂಟರು ಬಂದವರು ಊಟ ಮಾಡಿ, ಯಾವ ಗುರುಗಳಿಂದ ದೀಕ್ಷೆ ತಗೊಂಡಿರಿ ಎಂದು ಕೇಳತೊಡಗಿದರು. ದೇವರನ್ನೇ ನಂಬದವನ ಮನೆ ಊರಿನಲ್ಲೆಲ್ಲ ಮಡಿಮನೆ ಎಂದು ಹೆಸರಾಯಿತು. ಒಸಡು ನೋ﻿ಡುವ ಚಾಳಿಯೂ ಅವ್ವನನ್ನು ಬಿಡಲಿಲ್ಲ. ಮಾವನ ಮಗಳನ್ನು ನೋಡಲು ಬಾಗಲೂರಿಗೆ ಬಂದ ವರನಿಗೆ, “ಎಲ್ಲಿ, ತುಟಿ ಎತ್ತು ಮಗ,” ಎಂದಳು. ನಮ್ಮ ಕಡೆಯ ಶಾಸ್ತ್ರವಿರಬೇಕೆಂದು ಅವನು ವಿನಯದಿಂದ ಎತ್ತಿದ. ಅವ್ವ ಒಪ್ಪಿಗೆ ಕೊಟ್ಟಳು. ಮದುವೆಯಾಯಿತು.

ಒಂದೆರಡು ವರ್ಷ ಕಳೆದ ಮೇಲೆ ಅವ್ವನೇ ಒಂದು ದಿನ ಬಾವಿಕಟ್ಟೆಯ ಬಳಿ ತಲೆಸುತ್ತಿ ಕೂತುಬಿಟ್ಟಳು. ಈ ಸಲ ಮನುಷ್ಯರ ಆಸ್ಪತ್ರೆ. ಮತ್ತೆ ಸೂಜಿ, ಮತ್ತೆ ಬೆಂಚು, ಮತ್ತೆ ಚೀಟಿ. ಅದನ್ನು ನಾಲ್ಕಾಗಿ ಮಡಿಸಿ ಮುಷ್ಟಿಯಲ್ಲಿ ಹಿಡಿದು, ಅವ್ವನಿಗೂ ಸರೋಜಳಿಗೂ ನಡುವೆ ಕೂತೆ. ಈಗ ನನ್ನ ಪುಸ್ತಕ ಸರಿಯಾದ ಪ್ರಾಣಿಯದ್ದೇ ಆಗಿತ್ತು. ಆದರೂ ಬಿಡಿಸಿ ನೋಡಲಿಲ್ಲ.

“ಏನ್ ಬರ್ದವ್ರೆ?” ಎಂದಳು ಅವ್ವ.

“ಡಾಕ್ಟ್ರು ಬರ್ಲಿ ಅವ್ವ.”

ಅವಳು ನನ್ನ ಮುಷ್ಟಿಯನ್ನು ನೋಡಿದಳು. ಬೆರಳಿನಿಂದ ತನ್ನ ಕೆಳತುಟಿ ಎಳೆದು ನನ್ನ ಕಡೆ ತಿರುಗಿದಳು. “ನೀನೇ ಯೋಳು. ಯಾವ ಸೀಬೆ?”

“ಕೆಂಪು,” ಎಂದೆ. ನಿಜಕ್ಕೂ ಕೆಂಪಿತ್ತೋ, ನನಗೆ ಹಾಗೆ ಬೇಕಿತ್ತೋ ಈಗ ಹೇಳಲಾರೆ. ಈ ಸಾಲನ್ನು ಓದಿದಾಗ ಸರೋಜ ತಲೆ ಅಲ್ಲಾಡಿಸಲೂ ಇಲ್ಲ, ನಗಲೂ ಇಲ್ಲ.

ಡಾಕ್ಟರು ಬಂದರು. ರಕ್ತ ಸ್ವಲ್ಪ ಕಡಿಮೆ, ಭಯವೇನಿಲ್ಲ, ಟಾನಿಕ್ಕು ಕುಡಿಯಿರಿ, ಸೊಪ್ಪು, ಕಾಳು, ಮಾಂಸ ಎಲ್ಲ ಚೆನ್ನಾಗಿ ತಿನ್ನಿ ಎಂದರು. ಇನ್ನೇನಾದರೂ ಕೇಳುವುದಿದೆಯಾ ಎಂದಾಗ ಅವ್ವ ಸ್ವಲ್ಪ ಹಿಂಜರಿದಳು.

“ಈರುಳ್ಳಿ ತಿನ್ಬೋದಾ ಸೋಮಿ?”

“ಅದಕ್ಕೇನಮ್ಮ, ಧಾರಾಳವಾಗಿ ತಿನ್ನಿ.”

ಅವ್ವನ ಮುಖ ಒಂದು ಗಳಿಗೆ ಅರಳಿತು. ಬಾಯಲ್ಲಿ ಹಳೇ ಗೊಜ್ಜಿನ ರುಚಿ ಬಂದಿರಬೇಕು. ಆಮೇಲೆ ನಿಟ್ಟುಸಿರು ಬಿಟ್ಟು ಸೆರಗು ಸರಿಮಾಡಿಕೊಂಡು ಎದ್ದಳು.

“ಆಗಾಕಿಲ್ಲ ಬುಡಿ,” ಎಂದಳು. “ಮನೇಲಿ ನಾಯಿ ಐತೆ.”